ಮೊದಲ ಗಾಡಿ: ಸಿಸಿ ಆಮೇಲೆ, ತೂಕ ಮೊದಲು

ಮೂವತ್ತೈದು, ನಲವತ್ತೈದರ ವಯಸ್ಸಿನಲ್ಲಿ ಮೊದಲ ಸಲ ಗೇರ್ ಗಾಡಿ ಕೊಳ್ಳುವವರಿಗೆ ಸಲಹೆಗೇನೂ ಬರವಿಲ್ಲ. ‘ಈ ವಯಸ್ಸಿಗೆ ನೂರು ಸಿಸಿ ಏನ್ ತಗೋತೀರಿ ಸರ, ಬುಲೆಟ್ ತಗೋರಿ, ಗತ್ತು ಇರ್ತದ’ ಅನ್ನುವವರು ಒಂದು ಕಡೆ. ‘ಬೀಳೂದು ಇದ್ದೇ ಅದ, ಯಾವ್ದರೆ ಹಳೇದು ತಗೊಂಡು ಕಲೀರಿ’ ಅನ್ನುವವರು ಇನ್ನೊಂದು ಕಡೆ. ಮೊದಲ ಮಾತು ಕೇಳಿದವರ ಗಾಡಿ ಮನೆ ಮುಂದೆ ಹೊದಿಕೆ ಹೊದ್ದು ನಿಂತಿರುತ್ತದೆ. ಎರಡನೆಯದನ್ನು ಕೇಳಿದವರದು ಮಿಸ್ತ್ರಿ ಅಂಗಡಿಯಲ್ಲಿ.

ಹೊಸಬರು ಬೀಳುವುದು ಹೆಚ್ಚಾಗಿ ವೇಗದಲ್ಲಲ್ಲ. ಸಿಗ್ನಲ್‌ನಲ್ಲಿ ನಿಂತಾಗ, ಓಣಿಯಲ್ಲಿ ಯೂ ಟರ್ನ್ ಹೊಡೆಯುವಾಗ, ಮನೆ ಮುಂದಿನ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ ಬೀಳುತ್ತಾರೆ. ಅಂಥ ಕಡೆ ಎಂಜಿನ್ನಿನ ಬಲ ಕೆಲಸಕ್ಕೆ ಬರುವುದಿಲ್ಲ, ಗಾಡಿಯ ತೂಕ ಮತ್ತು ನಿಮ್ಮ ಕಾಲಿನ ಉದ್ದ ಮಾತ್ರ ಲೆಕ್ಕಕ್ಕೆ ಬರುತ್ತವೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ರಸ್ತೆ, ಬಿಸಿಲು, ಎರೆ ಮಣ್ಣನ್ನೂ ಸೇರಿಸಿ ಆಯ್ಕೆ ಮಾಡುವ ಕ್ರಮ ಇಲ್ಲಿದೆ.

ಬುಕಿಂಗ್‌ಗಿಂತ ಮೊದಲು ಎಲ್‌ಎಲ್‌ಆರ್

ಗಾಡಿಗೆ ಮುಂಗಡ ಕೊಡುವ ಮುನ್ನ ಕಲಿಕಾ ಲೈಸೆನ್ಸ್ (ಎಲ್‌ಎಲ್‌ಆರ್) ಮಾಡಿಸಿ. ಸರಕಾರದ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ‘ಗೇರ್ ಸಹಿತ ಮೋಟರ್‌ಸೈಕಲ್’ ವರ್ಗವನ್ನೇ ಆರಿಸಬೇಕು. ಸ್ಕೂಟರ್‌ಗೆ ಮಾತ್ರ ಪಡೆದ ಗೇರ್ ರಹಿತ ಲೈಸೆನ್ಸಿನಲ್ಲಿ ಬೈಕ್ ಓಡಿಸಿದರೆ ಲೈಸೆನ್ಸೇ ಇಲ್ಲದೆ ಓಡಿಸಿದಂತೆ, ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯುತ್ತಾರೆ. ಕಾರಿನ ಲೈಸೆನ್ಸ್ ಇದ್ದರೂ ಅದು ಬೈಕಿಗೆ ನಡೆಯುವುದಿಲ್ಲ. ಅದಕ್ಕೆ ಹೊಸ ವರ್ಗ ಸೇರಿಸಬೇಕು, ಸೇರಿಸಲಿಕ್ಕೂ ಎಲ್‌ಎಲ್‌ಆರ್ ಬೇಕು. ವಯಸ್ಸು 40 ದಾಟಿದ್ದರೆ ವೈದ್ಯರ ಸಹಿಯಿರುವ ಫಾರ್ಮ್ 1ಎ ಜೊತೆಗಿಡಿ.

ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ, ಸಿಕ್ಕ 30 ದಿನಗಳ ಮೇಲೆ ಟೆಸ್ಟ್ ಕೊಡಬಹುದು. ಆ 30 ದಿನವೇ ಆಯ್ಕೆಯ ಕಾಲ. ಎಲ್ ಬೋರ್ಡ್ ಅಂಟಿಸಿ, ಲೈಸೆನ್ಸ್ ಇರುವ ಪರಿಚಯದವರನ್ನು ಹಿಂದೆ ಕೂರಿಸಿಕೊಂಡು, ಅವರ ಗಾಡಿಯಲ್ಲೇ ಹತ್ತು ಹನ್ನೆರಡು ತಾಸು ಓಡಿಸಿ. ರಿಂಗ್ ರೋಡಿನ ಹೊರಗಿನ ಹೊಸ ಬಡಾವಣೆಗಳ ಖಾಲಿ ರಸ್ತೆ, ಬೆಳಿಗ್ಗೆ 6 ಗಂಟೆ, ಇಷ್ಟು ಸಾಕು. ಅದಾದ ಮೇಲೆ ಶೋರೂಮಿಗೆ ಹೋಗಿ ನೋಡಿ, ಮೊದಲು ಇಷ್ಟವಾಗಿದ್ದ ಗಾಡಿ ಎಷ್ಟೋ ಜನರಿಗೆ ಇಷ್ಟವೇ ಆಗುವುದಿಲ್ಲ.

ಕಲಿಯುವಾಗ ಒಂದು ತೊಡಕು ಬರುತ್ತದೆ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರ್ ಮುಂಗಾಲಿನಿಂದ ಒತ್ತಿಯೇ ಬೀಳುತ್ತವೆ. ಶೈನ್ 125, ಯೂನಿಕಾರ್ನ್, ಅಪಾಚೆಯಂಥವುಗಳಲ್ಲಿ ಮೊದಲ ಗೇರ್ ಕೆಳಕ್ಕೆ, ಉಳಿದವು ಮೇಲಕ್ಕೆ. ಒಂದರಲ್ಲಿ ಕಲಿತು ಇನ್ನೊಂದರಲ್ಲಿ ಟೆಸ್ಟಿಗೆ ಹೋದರೆ ‘ಎಂಟು’ ಹಾಕುವಾಗ ಕಾಲು ತಪ್ಪುತ್ತದೆ. ಕೊಳ್ಳಬೇಕೆಂದಿರುವ ಗಾಡಿಯ ಗೇರ್ ಯಾವ ಕ್ರಮದಲ್ಲಿದೆಯೋ ಆ ಕ್ರಮದಲ್ಲೇ ಕಲಿಯುವುದು ಲೇಸು.

ಕಾಲಿನ ಅಳತೆ

ಗೋಡೆಗೆ ಬೆನ್ನು ಹಚ್ಚಿ ಬರಿಗಾಲಲ್ಲಿ ನಿಲ್ಲಿ. ಒಂದು ದಪ್ಪ ರಟ್ಟಿನ ಪುಸ್ತಕವನ್ನು ತೊಡೆಗಳ ನಡುವೆ ಮೇಲಕ್ಕೆ ತಾಗುವಷ್ಟು ಎತ್ತಿ ಹಿಡಿದು, ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಇದು ಒಳಗಾಲಿನ ಅಳತೆ. ಇದನ್ನು ಗಾಡಿಯ ಸೀಟಿನ ಎತ್ತರದೊಂದಿಗೆ ಹೋಲಿಸಬೇಕು. ಚಪ್ಪಲಿ ಅಥವಾ ಶೂ ಸುಮಾರು 20 ಮಿ.ಮೀ. ಕೊಡುತ್ತದೆ, ನೀವು ಕೂತಾಗ ಸ್ಪ್ರಿಂಗ್ ಇಳಿದು ಇನ್ನೊಂದು 20 ಮಿ.ಮೀ. ಸಿಗುತ್ತದೆ, ಸೀಟು ಅಗಲವಿದ್ದರೆ ಅದರಲ್ಲಿ ಸ್ವಲ್ಪ ಕಳೆದೂ ಹೋಗುತ್ತದೆ. ಒಳಗಾಲಿನ ಅಳತೆ ಸೀಟಿನ ಎತ್ತರಕ್ಕೆ ಸಮನಿದ್ದರೆ ಎರಡೂ ಪಾದ ಹೆಚ್ಚುಕಮ್ಮಿ ಪೂರ್ತಿ ಊರುತ್ತವೆ. 50 ಮಿ.ಮೀ. ಕಡಿಮೆಯಿದ್ದರೆ ಪಾದದ ಮುಂಭಾಗ ಊರುತ್ತದೆ, ಹಗುರ ಗಾಡಿಗೆ ಅಷ್ಟು ಸಾಕು. 80 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಷ್ಟೇ ಚೆಂದದ ಗಾಡಿಯಾದರೂ ಮೊದಲ ಗಾಡಿಯಾಗಿ ಬೇಡ.

ಸ್ಪ್ಲೆಂಡರ್ ಪ್ಲಸ್ ಸೀಟು 785 ಮಿ.ಮೀ., ಶೈನ್ 100ರದು 786, ರೈಡರ್ 125ರದು 780, ಪ್ಲಾಟಿನಾ 110ರದು 807. ಪ್ಲಾಟಿನಾ ಮೆತ್ತಗಿನ ಗಾಡಿ ನಿಜ, ಆದರೆ ಐದಡಿ ಎರಡಿಂಚು ಇರುವವರು ಕೂತು ನೋಡದೆ ತೆಗೆದುಕೊಳ್ಳಬಾರದು. ಸೀಟು ಕೆತ್ತಿಸಿ ತಗ್ಗಿಸಬಹುದು ಎಂದು ಸೀಟ್ ಕವರ್ ಅಂಗಡಿಯವರು ಹೇಳುತ್ತಾರೆ. ಫೋಮ್ ತೆಳ್ಳಗಾದ ಸೀಟಿನ ಮೇಲೆ 40 ಕಿ.ಮೀ. ಕೂತರೆ ಬೆನ್ನಿನ ಬುಡ ಉರಿಯುತ್ತದೆ.

ತೂಕ

ಕಂಪನಿಯ ಪಟ್ಟಿಯಲ್ಲಿ ‘ಕರ್ಬ್ ತೂಕ’ ಎಂದಿರುವುದನ್ನು ನೋಡಿ, ಪೆಟ್ರೋಲ್, ಆಯಿಲ್ ಸೇರಿದ ತೂಕ ಅದು. ಶೈನ್ 100 ಸುಮಾರು 99 ಕೆ.ಜಿ., ಸ್ಪ್ಲೆಂಡರ್ 112, ಶೈನ್ 125 ಅದರ ಆಸುಪಾಸು, ರೈಡರ್ 123. ಎಫ್‌ಝಡ್ 136, ಅಪಾಚೆ 160 ಮತ್ತು ಯೂನಿಕಾರ್ನ್ ಎರಡೂ 140ರ ಹತ್ತಿರ, ಪಲ್ಸರ್ 150 ಸುಮಾರು 148. ಅಲ್ಲಿಂದ ಒಮ್ಮೆಲೇ ಜಿಗಿತ: ಹಂಟರ್ 350ಕ್ಕೆ 181, ಕ್ಲಾಸಿಕ್ 350ಕ್ಕೆ 195.

112 ಕೆ.ಜಿ. ಗಾಡಿ ನಿಂತಲ್ಲೇ ಸ್ವಲ್ಪ ವಾಲಿದರೆ ತೊಡೆಯಿಂದ ತಡೆದು ನೆಟ್ಟಗೆ ಮಾಡಬಹುದು. 195 ಕೆ.ಜಿ.ಯದು ಅಷ್ಟೇ ವಾಲಿದರೂ ತಡೆಯುವ ಕಲೆ ಬೇರೆ, ಅದು ಕಲಿತ ಕೈಗೆ ಮಾತ್ರ ಬರುತ್ತದೆ. ಗಾಡಿ ಕಾಲ ಮೇಲೆ ಬಿದ್ದು ಸೈಲೆನ್ಸರ್ ತಾಗಿ ಸುಡುವುದು ಇಂಥ ಹೊತ್ತಿನಲ್ಲೇ. ಹೊಸಬರಿಗೆ 100ರಿಂದ 125 ಕೆ.ಜಿ. ಒಳ್ಳೆಯದು. ದಿನಾ ಹೆದ್ದಾರಿಯಲ್ಲಿ ಓಡಾಡುವ, ಮೈಕಟ್ಟು ಇರುವವರಿಗೆ 140ರವರೆಗೆ ನಡೆದೀತು. ಬುಲೆಟ್ ಎಲ್ಲೂ ಓಡಿಹೋಗುವುದಿಲ್ಲ, ಅದು ಎರಡನೆಯ ಗಾಡಿಯಾಗಲಿ.

ನಿಮ್ಮ ರಸ್ತೆ ಯಾವುದು

ಇಲ್ಲಿ ಮೂರು ಬಗೆಯ ದಾರಿಗಳಿವೆ. ಯಾವುದರಲ್ಲಿ ಹೆಚ್ಚು ಹೋಗುತ್ತೀರೋ ಅದನ್ನು ನೋಡಿ ಗಾಡಿ ನಿರ್ಧರಿಸಿ.

ಊರೊಳಗೆ, ಅಂದರೆ ಸೂಪರ್ ಮಾರ್ಕೆಟ್, ಗಂಜ್, ಆಫೀಸು, ಮಕ್ಕಳ ಶಾಲೆ ಇಷ್ಟೇ ಆದರೆ 100 ಸಿಸಿ ಧಾರಾಳ ಸಾಕು. ಗೇರ್ ಬೇಕೇ ಬೇಕೆಂಬ ಆಸೆ ಇಲ್ಲದಿದ್ದರೆ ಸ್ಕೂಟರ್‌ ಇನ್ನೂ ಸುಲಭ. ಅದನ್ನು ಒಪ್ಪಿಕೊಳ್ಳುವುದರಲ್ಲಿ ಮಾನ ಹೋಗುವುದೇನಿಲ್ಲ.

ಹೊಲಕ್ಕೆ, ಹಳ್ಳಿಗೆ ಓಡಾಡುವವರಿಗೆ ಎರೆ ಮಣ್ಣೇ ದೊಡ್ಡ ಪರೀಕ್ಷೆ. ಮಳೆ ಬಿದ್ದ ಎರೆಯಲ್ಲಿ ಐವತ್ತು ಮೀಟರ್ ಹೋಗುವಷ್ಟರಲ್ಲಿ ಮುಂದಿನ ಮಡ್‌ಗಾರ್ಡ್ ಮತ್ತು ಟಯರ್ ನಡುವೆ ಮಣ್ಣು ಮೆತ್ತಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಬ್ರೇಕ್ ಹಿಡಿಯದೆಯೂ ಮುಂದಿನ ಚಕ್ರ ಕಚ್ಚಿಕೊಂಡು ಸವಾರ ಪಕ್ಕಕ್ಕೆ ಉರುಳುತ್ತಾನೆ. ಆದ್ದರಿಂದ ಶೋರೂಮಿನಲ್ಲೇ ಮಡ್‌ಗಾರ್ಡ್ ಕೆಳಗೆ ಬೆರಳು ತೂರಿಸಿ ನೋಡಿ: ಎರಡು ಬೆರಳು ಸಲೀಸಾಗಿ ಹೋಗಬೇಕು. 18 ಇಂಚಿನ, ಸಪೂರ ಟಯರಿನ 100 ಸಿಸಿ ಗಾಡಿಗಳು ಕೆಸರನ್ನು ಸೀಳಿಕೊಂಡು ಹೋಗುತ್ತವೆ. ಎಫ್‌ಝಡ್‌ನಂಥ ಅಗಲ ಹಿಂಬದಿ ಟಯರು ಡಾಂಬರಿನ ಮೇಲೆ ಗಟ್ಟಿಯಾಗಿ ಕೂರುತ್ತದೆ, ಎರೆಯಲ್ಲಿ ಮಾತ್ರ ಮಣ್ಣಿನ ಉಂಡೆ ಕಟ್ಟುತ್ತದೆ. ಹೊಲದ ಬದುವಿನ ಜಾಲಿ ಮುಳ್ಳನ್ನೂ ಮರೆಯಬೇಡಿ. ಟ್ಯೂಬ್‌ಲೆಸ್ ಆದರೆ ಚಕ್ರ ಬಿಚ್ಚದೆ ಹತ್ತು ನಿಮಿಷದಲ್ಲಿ ಪಂಕ್ಚರ್ ಮುಗಿಯುತ್ತದೆ. ಅಲಾಯ್ ಚಕ್ರ ಕಂಡ ಕೂಡಲೇ ಟ್ಯೂಬ್‌ಲೆಸ್ ಎಂದು ನಂಬಬೇಡಿ, ಟಯರಿನ ಪಕ್ಕೆಯಲ್ಲಿ ಹಾಗೆಂದು ಬರೆದಿದೆಯೇ ಓದಿ.

ಮೂರನೆಯದು ಹೆದ್ದಾರಿ. ಕಲಬುರಗಿಯಿಂದ ಜೇವರ್ಗಿಗೋ ಆಳಂದಕ್ಕೋ ದಿನಾ ನಲವತ್ತು ಕಿ.ಮೀ. ಹೋಗಿ ಬರುವವರು, ಹುಮನಾಬಾದ್ ದಾಟಿ ಹೆದ್ದಾರಿ 65ರಲ್ಲಿ ಓಡಾಡುವವರು 125 ಸಿಸಿಯಿಂದ 160ರವರೆಗೆ ನೋಡಬಹುದು. ನೂರು ಸಿಸಿ ಗಾಡಿ 60ರ ವೇಗದಲ್ಲಿ ಆರಾಮಾಗಿ ಓಡುತ್ತದೆ. ಆದರೆ ಡಬಲ್ ಸೀಟ್ ಕೂತಾಗ ಕಬ್ಬಿನ ಜೋಡಿ ಟ್ರೇಲರ್ ದಾಟಲು ಬೇಕಾದ ಉಸಿರು ಅದಕ್ಕಿರುವುದಿಲ್ಲ. ಸೇಡಂ, ವಾಡಿ, ಶಹಾಬಾದ್ ಕಡೆ ಸಿಮೆಂಟ್ ಲಾರಿ ಎದುರಿಗೆ ಬಂದಾಗ ಗಾಳಿಯ ಹೊಡೆತಕ್ಕೆ ಹಗುರ ಗಾಡಿ ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆ. ಆ ಧೂಳಿಗೆ ಏರ್ ಫಿಲ್ಟರ್ ಕೂಡ ಬೇಗ ಕಟ್ಟುತ್ತದೆ. ಮ್ಯಾನುವಲ್‌ನಲ್ಲಿ ಹೇಳಿದ ಅವಧಿಯವರೆಗೆ ಕಾಯದೆ ಪ್ರತಿ ಸರ್ವಿಸಿಗೂ ತೆಗೆಸಿ ನೋಡಬೇಕು.

ಬ್ರೇಕಿನ ಮಾತು ಇಲ್ಲೇ ಬರಬೇಕು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಯಿತು, 125 ಮತ್ತು ಅದಕ್ಕಿಂತ ಕಡಿಮೆಯವಕ್ಕೆ ಸಿಬಿಎಸ್ ಇದ್ದರೂ ಸಾಕು ಎಂದಾಯಿತು. ಸಿಬಿಎಸ್‌ನಲ್ಲಿ ಕಾಲಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಆದರೆ ಚಕ್ರ ಕಚ್ಚಿಕೊಳ್ಳುವುದನ್ನು ಅದು ತಡೆಯುವುದಿಲ್ಲ. ಎಬಿಎಸ್ ತಡೆಯುತ್ತದೆ. ರಾಶಿಯ ಕಾಲದಲ್ಲಿ ತೊಗರಿ, ಜೋಳ ರಸ್ತೆ ಮೇಲೆಯೇ ಹರವಿರುತ್ತಾರೆ. ಆ ಕಾಳು ಟಯರಿನ ಕೆಳಗೆ ಗೋಲಿಯಂತೆ ಉರುಳುತ್ತದೆ, ಅಲ್ಲಿ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಬಿದ್ದಂತೆಯೇ. ದಿನಾ ಹೆದ್ದಾರಿಯಲ್ಲಿ ಹೋಗುವವರು ಎಬಿಎಸ್‌ಗಾಗಿ ಹೆಚ್ಚು ಹಣ ಕೊಟ್ಟರೆ ಅದು ದಂಡವಲ್ಲ. ಊರೊಳಗಿನವರಿಗೆ ಸಿಬಿಎಸ್ ಸಾಕು.

ಶೋರೂಮಿನಲ್ಲಿ ಏನು ಮಾಡಬೇಕು

ದಿನಾ ಹಾಕುವ ಪಾದರಕ್ಷೆಯಲ್ಲೇ ಹೋಗಿ. ಮೊದಲು ಸೈಡ್ ಸ್ಟ್ಯಾಂಡ್‌ನಿಂದ ನೆಟ್ಟಗೆ ಎತ್ತಿ, ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ ಇಳಿಸಿ, ಸೇಲ್ಸ್ ಹುಡುಗನ ಸಹಾಯ ಬೇಡ. ಸೀಟಿನ ಮೇಲೆ ಕೂತು ಕಾಲಿನಿಂದ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿಕೊಂಡು ಹೋಗಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಮೊಣಕೈ ನೆಟ್ಟಗಾಗಿ ಭುಜ ಎಳೆಯಬಾರದು. ಕ್ಲಚ್ ಲಿವರ್ ಎರಡು ಬೆರಳಿಗೆ ಸಿಗಬೇಕು. ಕೈ ಚಿಕ್ಕದಿರುವವರು ಇದನ್ನು ಗಮನಿಸದೆ ಕೊಂಡು, ಗಂಜ್‌ನ ಗದ್ದಲದಲ್ಲಿ ಅರ್ಧ ತಾಸಿಗೇ ಮುಂಗೈ ನೋವೆಂದು ಒದ್ದಾಡುತ್ತಾರೆ. ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ ಕೂರಿಸಿ. ಸೀರೆ ಗಾರ್ಡ್ ಗಟ್ಟಿಯಾಗಿದೆಯೇ, ಕಾಲಿಡುವ ಪೆಗ್ ಮೊಣಕಾಲಿಗೆ ಸರಿಹೊಂದುತ್ತದೆಯೇ ಎಂದು ಹೇಳಬೇಕಾದವರು ಅವರೇ.

ಟೆಸ್ಟ್ ರೈಡ್ ಕೊಡದ ಕಡೆ ಕೊಳ್ಳಬೇಡಿ. ಓಡಿಸುವಾಗ ವೇಗ ನೋಡುವುದಕ್ಕಿಂತ, ಎರಡನೇ ಗೇರ್‌ನಲ್ಲಿ ನಡಿಗೆಯಷ್ಟೇ ನಿಧಾನ ಹೋದಾಗ ಗಾಡಿ ಕೆಮ್ಮದೆ ಹೋಗುತ್ತದೆಯೇ ನೋಡಿ. ಹೊಸಬರಿಗೆ ಆ ಗುಣ ಮುಖ್ಯ.

ಹಣದ ಲೆಕ್ಕ

ಎಕ್ಸ್ ಶೋರೂಮ್ ಬೆಲೆ, ಅಂದರೆ ಆಜೀವ ತೆರಿಗೆ, ವಿಮೆ ಸೇರದ ಬೆಲೆ ಕೇಳಿ ಬಜೆಟ್ ಹಾಕಿದವರು ಕರ್ನಾಟಕದಲ್ಲಿ ಕೆಡುತ್ತಾರೆ. ಇಲ್ಲಿ ದ್ವಿಚಕ್ರದ ಆಜೀವ ತೆರಿಗೆ ಬೆಲೆಗೆ ತಕ್ಕಂತೆ ಏರುತ್ತದೆ: 50,000 ದಾಟಿ 1 ಲಕ್ಷದವರೆಗೆ ಶೇ. 12, ಲಕ್ಷ ದಾಟಿದರೆ ಶೇ. 18, ಅದರ ಮೇಲೆ ಸೆಸ್ ಬೇರೆ. ಬೆಲೆ 98,000 ಇದ್ದರೆ ತೆರಿಗೆ 11,760 ರೂಪಾಯಿ. 1,02,000 ಆದರೆ 18,360. ನಾಲ್ಕು ಸಾವಿರ ಹೆಚ್ಚಿನ ಮಾಡೆಲ್‌ಗೆ ಕೈಯಿಂದ ಹತ್ತು ಸಾವಿರಕ್ಕೂ ಹೆಚ್ಚು ಹೋಗುತ್ತದೆ. ಲಕ್ಷದ ಗೆರೆಯ ಆಚೀಚೆ ಇರುವ ಎರಡು ವೇರಿಯೆಂಟ್‌ಗಳ ನಡುವೆ ಆರಿಸುವಾಗ ಈ ಲೆಕ್ಕ ಹಾಕಿಯೇ ಮುಂದುವರಿಯಿರಿ.

ವಿಮೆಯಲ್ಲೂ ಅಂಥದೇ ಗೆರೆಯೊಂದಿದೆ. ಹೊಸ ಗಾಡಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರಲ್ಲಿ ನಿಗದಿಯಾದ ದರದಂತೆ 75ರಿಂದ 150 ಸಿಸಿವರೆಗೆ 3,851 ರೂಪಾಯಿ, 150 ದಾಟಿ 350ರವರೆಗೆ 7,365, ಜಿಎಸ್‌ಟಿ ಬಿಟ್ಟು. 149 ಸಿಸಿಯ ಎಫ್‌ಝಡ್ ಮೊದಲ ಸಾಲಿಗೆ ಸೇರುತ್ತದೆ, 160ರ ಅಪಾಚೆ ಎರಡನೆಯದಕ್ಕೆ. ಗಾಡಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗೆ ಶೇ. 28ರಿಂದ 18ಕ್ಕೆ ಇಳಿದಿದೆ, ಹಳೆಯ ಬೆಲೆಪಟ್ಟಿ ತೋರಿಸಿದರೆ ಒಪ್ಪಬೇಡಿ.

ಇವೆಲ್ಲ ಸೇರಿದ ಆನ್ ರೋಡ್ ಬೆಲೆಯನ್ನು ಬಾಬ್ತುವಾರು ಬರೆಸಿಕೊಳ್ಳಿ. ‘ಹ್ಯಾಂಡ್ಲಿಂಗ್’, ‘ಕಿಟ್’, ‘ಪಾಲಿಶ್’ ಎಂಬ ಸಾಲುಗಳು ಸರಕಾರದ ಶುಲ್ಕವಲ್ಲ, ಬೇಡವೆನ್ನಬಹುದು. ಹೊಸ ಗಾಡಿಯ ಜೊತೆ ಐಎಸ್‌ಐ ಹೆಲ್ಮೆಟ್ ಕೊಡಬೇಕೆಂಬ ನಿಯಮವಿದೆ, ಕೇಳಿ ಪಡೆಯಿರಿ. ವಿಮೆಯನ್ನು ಹೊರಗಿನಿಂದಲೂ ಮಾಡಿಸಬಹುದು.

ಹಳೇ ಗಾಡಿಯಾದರೆ

ಹಳೆಯದು ಕೊಳ್ಳುವುದೇನೂ ಕೆಟ್ಟದ್ದಲ್ಲ, ಕಣ್ಣುಮುಚ್ಚಿ ಕೊಳ್ಳುವುದು ಕೆಟ್ಟದ್ದು. ಬೆಳಿಗ್ಗೆ ಹೋಗಿ. ಮೊದಲು ಎಂಜಿನ್ ಮುಟ್ಟಿ ನೋಡಿ. ಬಿಸಿಯಿದ್ದರೆ ನೀವು ಬರುವ ಮುನ್ನವೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ತಣ್ಣಗಿದ್ದಾಗ ಕಾಣುವ ರೋಗ ಮುಚ್ಚಿಹೋಗುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಸೈಲೆನ್ಸರ್ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ, ಬೋರ್ ಕೆಲಸ ಬರಬಹುದು. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚು ಕುಡಿಯುವುದರ ಗುರುತು, ಅದು ಅಷ್ಟು ಭಯದ ವಿಷಯವಲ್ಲ.

ಚೈನನ್ನು ಹಿಂದಿನ ಸ್ಪ್ರಾಕೆಟ್‌ನಿಂದ ಹಿಂದಕ್ಕೆ ಎಳೆಯಿರಿ, ಅರ್ಧ ಹಲ್ಲಿಗಿಂತ ಹೆಚ್ಚು ಕಂಡರೆ ಚೈನ್ ಸ್ಪ್ರಾಕೆಟ್ ಸೆಟ್ಟೇ ಬದಲಿಸಬೇಕು. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಹಿಂದಿನಿಂದ ಒತ್ತಿಸಿ ಹ್ಯಾಂಡಲ್ ತಿರುಗಿಸಿ. ನಡುವೆ ಒಂದು ಕಡೆ ಕಚ್ಚಿ ನಿಂತಂತಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಹಿಂದಿನ ಚಕ್ರವನ್ನು ಪಕ್ಕಕ್ಕೆ ಅಲುಗಾಡಿಸಿದಾಗ ಟಕ್ ಟಕ್ ಎಂದರೆ ಸ್ವಿಂಗ್ ಆರ್ಮ್ ಬುಶ್ ಸವೆದಿದೆ. ಮೀಟರ್ 18,000 ಎನ್ನುತ್ತಿದ್ದು ಬ್ರೇಕ್ ಪೆಡಲ್ಲು ನುಣುಪಾಗಿ, ಪೆಗ್ಗಿನ ರಬ್ಬರ್ ಸವೆದು ಹೋಗಿದ್ದರೆ ಮೀಟರ್ ಸುಳ್ಳು ಹೇಳುತ್ತಿದೆ. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ, 3221 ಎಂದರೆ 2021ರ 32ನೇ ವಾರ. ಇಲ್ಲಿಯ ಮೇ ತಿಂಗಳ ಬಿಸಿಲಿಗೆ ಐದಾರು ವರ್ಷದ ಟಯರು ಹಲ್ಲಿದ್ದರೂ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ.

ಹ್ಯಾಂಡಲ್ ಬುಡದ ಚಾಸಿ ನಂಬರು ಆರ್‌ಸಿಯೊಂದಿಗೆ ಅಕ್ಷರಕ್ಕಕ್ಷರ ತಾಳೆಯಾಗಬೇಕು. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ವಿಮೆಯ ಅವಧಿ, ಸಾಲದ ನಮೂದು, ಬಾಕಿ ದಂಡ ನೋಡಿ. ಸಾಲದ ನಮೂದಿದ್ದರೆ ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲವೆಂಬ ಪತ್ರ) ಮತ್ತು ಆ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಫಾರ್ಮ್ 29, 30ಕ್ಕೆ ಸಹಿ ಮಾಡಿಸಿ 14 ದಿನದೊಳಗೆ ಹೆಸರು ವರ್ಗಾವಣೆಗೆ ಹಾಕಿ, ವಿಮೆಯೂ ಅಷ್ಟರೊಳಗೆ ನಿಮ್ಮ ಹೆಸರಿಗೆ ಬರಲಿ.

ನಮ್ಮ ಮೂರೂ ಜಿಲ್ಲೆಗಳಿಗಿರುವ ಆಮಿಷ ಇನ್ನೊಂದು: ಜಹೀರಾಬಾದ್, ಹೈದರಾಬಾದ್, ಸೊಲ್ಲಾಪುರದ ಅಗ್ಗದ ಗಾಡಿ. ಫಾರ್ಮ್ 28ರ ಎನ್‌ಒಸಿ ತರಬೇಕು, ಗಾಡಿಯ ವಯಸ್ಸಿಗೆ ತಕ್ಕ ಕರ್ನಾಟಕದ ತೆರಿಗೆ ಕಟ್ಟಬೇಕು, ಆಮೇಲೆ ಕೆಎ 32, 33 ಅಥವಾ 38ರ ನಂಬರ್ ಸಿಗುತ್ತದೆ. ಅದೆಲ್ಲ ಕೂಡಿಸಿದರೆ ಅಗ್ಗ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ಒಂದು ಮಾತು ಹಳೆಯದರ ಪರವಾಗಿ: 2020ರ ಏಪ್ರಿಲ್‌ಗೆ ಮುಂಚಿನ ಕಾರ್ಬ್ಯುರೇಟರ್ ಗಾಡಿಯನ್ನು ಚಿಂಚೋಳಿಯ ರಸ್ತೆ ಬದಿಯ ಮಿಸ್ತ್ರಿಯೂ ಸರಿ ಮಾಡುತ್ತಾನೆ. ನಂತರದ ಬಿಎಸ್ 6 ಗಾಡಿಗಳಲ್ಲಿ ಹೆಚ್ಚಿನವು ಫ್ಯುಯೆಲ್ ಇಂಜೆಕ್ಷನ್, ಕೆಲವು ದೋಷಗಳಿಗೆ ಸ್ಕ್ಯಾನರ್ ಬೇಕು. ಅವಕ್ಕೆ ರಿಸರ್ವ್ ನಾಬ್ ಇರುವುದಿಲ್ಲ. ಟ್ಯಾಂಕಿನೊಳಗಿನ ಪಂಪ್ ಪೆಟ್ರೋಲಿನಿಂದಲೇ ತಣ್ಣಗಾಗುವುದರಿಂದ ಪದೇ ಪದೇ ಖಾಲಿಯಾಗುವವರೆಗೆ ಓಡಿಸಿದರೆ ಪಂಪ್ ಸುಟ್ಟು ಹೋಗುತ್ತದೆ.

ಹೆಲ್ಮೆಟ್ಟು, ಟವೆಲ್ಲು

ಹುಬ್ಬಿನ ಮೇಲೆ ಟೇಪ್ ಸುತ್ತಿ ತಲೆ ಅಳೆಯಿರಿ. 57–58 ಸೆಂ.ಮೀ. ಆದರೆ ಸಾಮಾನ್ಯವಾಗಿ ಮೀಡಿಯಂ, 59–60 ಲಾರ್ಜ್. ಐಎಸ್ 4151 ಎಂದಿರುವ ಐಎಸ್‌ಐ ಗುರುತು ಇರಬೇಕು. ಪಟ್ಟಿ ಹಾಕಿ, ಹಿಂದಿನಿಂದ ಮುಂದಕ್ಕೆ ಎತ್ತಿದರೆ ಕಳಚಿ ಬರಬಾರದು. ಒಳಗಿನ ಬಟ್ಟೆ ಬಿಚ್ಚಿ ತೊಳೆಯುವಂತಿರಲಿ, ಏಪ್ರಿಲ್‌ನಲ್ಲಿ ಬೆವರಿನ ವಾಸನೆಗೇ ಎಷ್ಟೋ ಹೆಲ್ಮೆಟ್ಟುಗಳು ಹ್ಯಾಂಡಲ್‌ಗೆ ನೇತುಬೀಳುತ್ತವೆ. ಬಿಸಿಲಿಗೆ ಟವೆಲ್ ಸುತ್ತುವವರು ಅದರ ತುದಿಯನ್ನು ಅಂಗಿಯೊಳಗೆ ತುರುಕಿರಬೇಕು. ದುಪಟ್ಟಾ, ಸೆರಗಿಗೂ ಇದೇ ಮಾತು, ಹಿಂದಿನ ಚಕ್ರ, ಚೈನು ಅವನ್ನು ಒಮ್ಮೆ ಹಿಡಿದರೆ ಬಿಡುವುದಿಲ್ಲ.

ಡೆಲಿವರಿ ಮತ್ತು ಮೊದಲ ಸಾವಿರ ಕಿ.ಮೀ.

ಆಯುಧ ಪೂಜೆ, ದೀಪಾವಳಿ, ಯುಗಾದಿಯ ದಿನವೇ ಗಾಡಿ ತರಬೇಕೆಂಬ ಆಸೆ ಸಹಜ. ಆದರೆ ಆ ದಿನ ಶೋರೂಮಿನಲ್ಲಿ ಯಾರಿಗೂ ಪುರುಸೊತ್ತಿಲ್ಲ, ಬೋಲ್ಟು ಬಿಗಿ ಮಾಡಿದ್ದಾರೋ ಇಲ್ಲವೋ ನೋಡುವವರೂ ಇರುವುದಿಲ್ಲ. ಎರಡು ದಿನ ಮೊದಲೇ ಹೋಗಿ ಪರೀಕ್ಷಿಸಿ ಇಡಿಸಿ, ಪೂಜೆಯ ದಿನ ತನ್ನಿ. ಗಾಡಿಯ ಚಾಸಿ ನಂಬರು ವಿಮೆ ಕಾಗದದಲ್ಲಿರುವ ನಂಬರೇ ಹೌದೇ ಎಂದು ನೋಡಿ. ಮೀಟರ್ ಹತ್ತು ಕಿ.ಮೀ.ಗಿಂತ ಹೆಚ್ಚಿದ್ದರೆ ಕಾರಣ ಕೇಳಿ.

ಮೊದಲ ಸಾವಿರ ಕಿ.ಮೀ. ಒಂದೇ ವೇಗದಲ್ಲಿ ಎಳೆಯಬೇಡಿ, ವೇಗ ಏರಿಳಿಯುತ್ತಿರಲಿ. ಮೊದಲ ಸರ್ವಿಸ್ ಸಾಮಾನ್ಯವಾಗಿ 500ರಿಂದ 1,000 ಕಿ.ಮೀ. ನಡುವೆ, ಅದನ್ನು ತಪ್ಪಿಸಿದರೆ ಹೊಸ ಎಂಜಿನ್ನಿನ ಲೋಹದ ಪುಡಿ ಆಯಿಲ್‌ನಲ್ಲೇ ಸುತ್ತುತ್ತದೆ, ವಾರಂಟಿಗೂ ತೊಂದರೆ. 100–125 ಸಿಸಿ ಗಾಡಿಗಳಲ್ಲಿ ಇರುವುದೇ 1 ಲೀಟರ್ ಆಸುಪಾಸು ಆಯಿಲ್. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಒರೆಸಿ ನೋಡಬೇಕು. 500 ಕಿ.ಮೀ.ಗೊಮ್ಮೆ ಚೈನ್ ಒರೆಸಿ 90 ನಂಬರಿನ ಗೇರ್ ಆಯಿಲ್ ಹಚ್ಚಿ, ಸುಟ್ಟ ಎಂಜಿನ್ ಆಯಿಲ್ ಬೇಡ.

ಒಬ್ಬರೇ 500 ಕಿ.ಮೀ. ಓಡಿಸುವವರೆಗೆ ಮನೆಯವರನ್ನು ಹಿಂದೆ ಕೂರಿಸಬೇಡಿ. ಕೂರಿಸುವ ದಿನ ಮೊದಲು ಗಾಳಿ ನೋಡಿ: 100 ಸಿಸಿ ಗಾಡಿಗಳಲ್ಲಿ ಸುಮಾರು ಮುಂದೆ 25, ಹಿಂದೆ ಒಬ್ಬರಿಗೆ 28, ಇಬ್ಬರಿಗೆ 40ರ ಹತ್ತಿರ ಇರುತ್ತದೆ. ನಿಮ್ಮ ಗಾಡಿಯ ನಿಖರ ಸಂಖ್ಯೆ ಮ್ಯಾನುವಲ್‌ನಲ್ಲಿದೆ. ಪಂಪ್‌ನಲ್ಲಿ ‘ಎಷ್ಟು ಹಾಕ್ಲಿರಿ?’ ಎಂದಾಗ ‘ನೋಡಿ ಹಾಕ್ರಿ’ ಅನ್ನದೆ ಸಂಖ್ಯೆ ಹೇಳಿ. ಹಿಂದಿನ ಶಾಕ್ ಅಬ್ಸಾರ್ಬರ್ ಸ್ಪ್ರಿಂಗನ್ನು ಗಾಡಿಯ ಜೊತೆ ಬಂದ ಪಾನಾದಿಂದ ಒಂದೆರಡು ಮೆಟ್ಟಿಲು ಬಿಗಿ ಮಾಡಿ. ಆಮೇಲೆ ಒಬ್ಬರೇ ಹೋಗುವ ದಿನ ಅದನ್ನು ಇಳಿಸದಿದ್ದರೆ ಪ್ರತಿ ಸ್ಪೀಡ್ ಬ್ರೇಕರ್‌ನಲ್ಲೂ ಹಿಂಬದಿ ಕುಪ್ಪಳಿಸುತ್ತದೆ.